ಮುರಿದಕ್ಷರದ ಊರಿನಲ್ಲಿ ಒಂದು ಶುಕ್ರವಾರ

ಪೀಣ್ಯ

ಹೊರದೇಶಕ್ಕೆ ಹೋಗುವವನನ್ನು ಕಳಿಸಿಕೊಡಲು ಮೆಟಡಾರ್ ತುಂಬ ಜನ, ಕೈತುಂಬ ಹಾರ ಹಿಡಿದುಕೊಂಡು ಬರುತ್ತಿದ್ದ ಕಾಲ ಅದು. ನನ್ನನ್ನು ಕಳಿಸಲು ಬಂದವಳು ಅಮ್ಮ ಒಬ್ಬಳೇ. ತಂಗಿ ರತ್ನ ಬಾಗಿಲ ತನಕವೂ ಬರಲಿಲ್ಲ. ಒಳಗೆ ರಾಗಿ ಕೇರುತ್ತ ಕೂತಿದ್ದವಳು, ನಾನು ಪೆಟ್ಟಿಗೆ ಎತ್ತಿದ್ದು ಕಂಡು ಮೊರದ ಸದ್ದನ್ನು ಇನ್ನಷ್ಟು ಜೋರು ಮಾಡಿದಳು.

ಅವಳ ಕೋಪಕ್ಕೆ ಕಾರಣವಿತ್ತು. ನಾನು ಪೀಣ್ಯದ ಒಂದು ನೇಮ್‌ಪ್ಲೇಟ್ ಕಾರ್ಖಾನೆಯಲ್ಲಿ ಅಕ್ಷರ ಬರೆಯುವ ಆರ್ಟಿಸ್ಟ್. ಮೋಟಾರು, ಪಂಪು, ಲೇತುಗಳ ಮೈಮೇಲೆ ಕೂರಿಸುವ ಅಲ್ಯೂಮಿನಿಯಂ ತಗಡಿಗೆ ಹೆಸರು ಬರೆದುಕೊಡುವುದು ನನ್ನ ಕೆಲಸ. ಎಂಬತ್ತರ ದಶಕದ ಆರಂಭದಲ್ಲಿ ನಮ್ಮ ಸಾಹುಕಾರರು ಪಶ್ಚಿಮ ಜರ್ಮನಿಯಿಂದ ಅಕ್ಷರಗಳ ಫೋಟೋ ತೆಗೆದು ತಗಡಿಗೆ ಇಳಿಸುವ ಹೊಸ ಯಂತ್ರವೊಂದನ್ನು ತರಿಸಲು ಹೊರಟರು. ಅದನ್ನು ನಡೆಸುವುದು ಕಲಿತು ಬರಲು ಒಬ್ಬ ಹೋಗಬೇಕಿತ್ತು, ಆ ಒಬ್ಬ ನಾನಾದೆ. ತರಬೇತಿಯ ತಾರೀಕನ್ನು ಜರ್ಮನಿಯವರು ಗೊತ್ತು ಮಾಡಿದರು. ರತ್ನಳ ಮದುವೆಯ ಲಗ್ನವನ್ನು ಕುಂದಲಹಳ್ಳಿಯ ಬೀಗರು ಗೊತ್ತು ಮಾಡಿದರು. ಎರಡೂ ಒಂದರ ಮೇಲೊಂದು ಬಂದು ಕೂತವು. ಎರಡನ್ನೂ ಜರುಗಿಸಲು ನೋಡಿದೆ. ಸಾಹುಕಾರರು, "ನಿಂಗಾಗಲ್ಲ ಅಂದ್ರೆ ಬೇರೆಯವನ್ನ ಕಳಿಸ್ತೀನಿ ಕಣಯ್ಯ" ಅಂದರು. ಬೀಗರು ಪಂಚಾಂಗ ಬಿಡಿಸಿ ತೋರಿಸಿದರು.

ನಮ್ಮದು ಅಪ್ಪ ಇಲ್ಲದ ಮನೆ. ಧಾರೆ ಎರೆಯುವುದಕ್ಕೆ ಚಿಕ್ಕಪ್ಪ ಚಿಕ್ಕಮ್ಮ ಇದ್ದರು. ಆದರೆ ಹೋಮದ ಮುಂದೆ ಮದುವಣಗಿತ್ತಿಯ ಬೊಗಸೆಗೆ ಅರಳು ತುಂಬುವುದು ಒಡಹುಟ್ಟಿದವನ ಕೆಲಸ. ಅಣ್ಣ ಅರಳು ಹಾಕಬೇಕು, ತಂಗಿ ಅದನ್ನು ಬೆಂಕಿಗೆ ಬಿಡಬೇಕು. ತವರು ಇನ್ನೂ ನಿನ್ನ ಹಿಂದೆ ಇದೆ ಎಂದು ಅವಳಿಗೆ ಹೇಳುವ ರೀತಿ ಅದು.

"ನನ್ ಕೈಗೆ ಅರಳು ಯಾರ್ ಆಕ್ತಾರೆ?" ಎಂದು ರತ್ನ ಕೇಳಿದಳು.

"ದೊಡ್ಡಪ್ಪನ ಮಗ ಹಾಕ್ತಾನೆ."

"ಅಂಗಾದ್ರೆ ನೀನ್ ಓಗು" ಅಂದಳು. ಅಲ್ಲಿಂದಾಚೆ ಅವಳು ನನ್ನೊಡನೆ ಮಾತು ಬಿಟ್ಟಳು.

ಅವಳನ್ನು ಒಲಿಸಿಕೊಳ್ಳಲು ನನಗೆ ಗೊತ್ತಿದ್ದ ಒಂದೇ ವಿದ್ಯೆ ಹಿಡಿದೆ. ಮದುವೆ ಕಾರ್ಡಿನ ಇಂಗ್ಲಿಷ್ ಬದಿಯನ್ನು ನಾನೇ ಬರೆದುಕೊಟ್ಟೆ, ಅದೂ ಓಲ್ಡ್ ಇಂಗ್ಲಿಷ್ ಅಕ್ಷರದಲ್ಲಿ. ನಮ್ಮ ಪ್ರೆಸ್ಸುಗಳಲ್ಲಿ ಹಾಗೆ ಕರೆಯುತ್ತಿದ್ದ ಆ ದಪ್ಪ, ಚೂಪು ಮೂಲೆಗಳ ಅಕ್ಷರವನ್ನು ನೀವೂ ನೋಡಿರುತ್ತೀರಿ. ಕಾನ್ವೆಂಟ್ ಶಾಲೆಯ ಸರ್ಟಿಫಿಕೇಟಿನ ತಲೆಯಲ್ಲಿ, ಬ್ರಾಂದಿ ಬಾಟಲಿಯ ಚೀಟಿಯಲ್ಲಿ ಅದೇ ಇರುತ್ತಿತ್ತು. ವೈಟ್‌ಫೀಲ್ಡಿನ ಆಂಗ್ಲೋ-ಇಂಡಿಯನ್ನರು ಮದುವೆ ಕಾರ್ಡಿಗೆ ಅದನ್ನೇ ಹಾಕಿಸುತ್ತಿದ್ದರು. ಅವರದು ನೋಡಿ ನಮ್ಮವರೂ ಹಾಕಿಸತೊಡಗಿದ್ದರು. ಬೆಂಗಳೂರಿನ ನಮ್ಮ ಸುತ್ತಿನಲ್ಲಿ ಆ ಅಕ್ಷರ ಕಂಡರೆ ಮದುವೆ ಎಂದೇ ಲೆಕ್ಕ.

ಒಂದು ಕರಡು ಬರೆದು ರತ್ನಳ ಮುಂದಿಟ್ಟೆ. ನೋಡದ ಹಾಗೆ ನೋಡಿದಳು. ಆಮೇಲೆ ಅಮ್ಮನ ಕಡೆ ತಿರುಗಿ, "ಎಲ್ಲಾ ದೊಡ್ಡಕ್ಷರಾನೇ ಇರ್ಲಿ ಅಂತೇಳಮ್ಮ, ಒಡವೆ ಆಕ್ದಂಗಿರ್ತದೆ" ಅಂದಳು. ಹಾಗೇ ಬರೆದೆ. ನಾಗರತ್ನ ಎಂಬ ಹೆಣ್ಣಿನ ಪೂರ್ತಿ ಹೆಸರು, ಗಂಡಿನ ಹೆಸರು, ಊರು, ಎಲ್ಲಕ್ಕೂ ಸುರುಳಿ ಸುತ್ತಿದ ದೊಡ್ಡಕ್ಷರ, ಅಂದರೆ ಕ್ಯಾಪಿಟಲ್. ತಾರೀಕಿನ ಅಂಕಿಗಳು ಮಾತ್ರ ಸಾದಾ. ಕಾರ್ಡು ಅಚ್ಚಾಗಿ ಬರುವ ಮೊದಲೇ ನಾನು ಹೊರಡಬೇಕಾಯಿತು. ಪ್ರೆಸ್ಸಿನವನು ಬರೀ ಕಪ್ಪು ಮಸಿಯಲ್ಲಿ ತೆಗೆದ ಪ್ರೂಫ್ ಒಂದನ್ನು ಕೊಟ್ಟ. ಕೆಂಪಿಲ್ಲ, ಹಳದಿಯಿಲ್ಲ, ಗಣಪತಿಯಿಲ್ಲ. ಅದನ್ನೇ ಮಡಿಚಿ ಜೇಬಿಗಿಟ್ಟುಕೊಂಡೆ.

ಬಸ್ ಸ್ಟಾಪಿನಲ್ಲಿ ಅಮ್ಮ ಸೆರಗಿನಿಂದ ಒಂದು ಬಟ್ಟೆಯ ಗಂಟು ತೆಗೆದಳು. ಅರಿಸಿನ ಹಚ್ಚಿದ ಅಕ್ಷತೆ.

"ಗೋಧೂಳಿ ಲಗ್ನ ಕಣಪ್ಪ, ದನ ಮನೆಗ್ ಬರೋ ಒತ್ತು. ಆ ಒತ್ಗೆ ನೀನ್ ಎಲ್ಲಿರ್ತೀಯೋ ಅಲ್ಲಿಂದ್ಲೇ ನಮ್ ಕಡೀಕ್ ತಿರುಗಿ ಆಕ್ಬುಡು. ನೆಲಕ್ಕೆ ಚೆಲ್ಲಿ ಮೈಲಿಗೆ ಮಾಡ್ಬ್ಯಾಡ" ಅಂದಳು.

ವಿಮಾನ ನಿಲ್ದಾಣ

ಆ ಅಕ್ಷತೆ ದೇಶದೊಳಗೆ ಕಾಲಿಡುವ ಮೊದಲೇ ಸಿಕ್ಕಿಬಿತ್ತು. ಜರ್ಮನಿಯ ಅಧಿಕಾರಿ ಗಂಟು ಬಿಚ್ಚಿ ಹಳದಿ ಅಕ್ಕಿಯನ್ನು ಮೂಸಿದ. ಇನ್ನೊಬ್ಬನನ್ನು ಕರೆದ, ಅವನೂ ಮೂಸಿದ. ಊಟಕ್ಕೆ ತಂದದ್ದೇ ಎಂದು ಕೇಳಿದರು. ಅಲ್ಲ ಎಂದೆ. ಹಾಗಾದರೆ ಏತಕ್ಕೆ? ತಲೆಯ ಮೇಲೆ ಹಾಕುವುದಕ್ಕೆ ಎಂದೆ. ಇಬ್ಬರೂ ನನ್ನ ತಲೆ ನೋಡಿದರು. ಮೊದಲನೆಯವನು ಒಂದು ಕಾಳನ್ನು ನಾಲಿಗೆಯ ಮೇಲಿಟ್ಟುಕೊಂಡು, ಮುಖ ಕಿವುಚಿ, ಗಂಟು ಕಟ್ಟಿ ವಾಪಸು ಕೊಟ್ಟ. ಅಷ್ಟು ದೊಡ್ಡ ದೇಶದಲ್ಲಿ ಮೊದಲು ಅಕ್ಷತೆ ತಾಗಿದ್ದು ಅವನ ನಾಲಿಗೆಗೆ. ನನಗೆ ನಗು ಬಂತು. ಪಕ್ಕಕ್ಕೆ ತಿರುಗಿ ಹೇಳೋಣವೆಂದರೆ ಯಾರೂ ಇರಲಿಲ್ಲ.

ಊರು, ಮೊದಲ ವಾರ

ನನ್ನನ್ನು ಇಳಿಸಿದ ಊರು ದಕ್ಷಿಣದ ಕಡೆಯದು. ಪೀಣ್ಯ ಕೈಗಾರಿಕಾ ಬಡಾವಣೆಯ ಒಂದು ಹಂತದಷ್ಟೂ ಇಲ್ಲ. ಒಂದು ಚರ್ಚು, ಒಂದು ಚೌಕ, ಹಿಮದ ಕೆಳಗೆ ಮಲಗಿದ ಹೊಲಗಳು, ಊರಾಚೆ ಯಂತ್ರದ ಕಾರ್ಖಾನೆ. ಕಂಪನಿಯವರು ನನ್ನನ್ನು ಹಿಲ್ಡಾ ಎಂಬ ವಿಧವೆಯ ಮನೆಯ ಮಹಡಿಯ ಕೋಣೆಯಲ್ಲಿ ಇಟ್ಟರು. ಆಕೆಗೆ ಬರುತ್ತಿದ್ದ ಇಂಗ್ಲಿಷ್ ಗುಡ್, ನೋ ಗುಡ್, ಈಟ್, ಇಷ್ಟೇ. ಬ್ರೆಡ್ ಕೊಡುವಾಗಲೂ ಒಂದೇ ಮುಖ, ಬೂಟು ಹೊರಗೆ ಬಿಡು ಎಂದು ಗದರುವಾಗಲೂ ಅದೇ ಮುಖ. ಆ ಮನೆಯಲ್ಲಿ ಬಿಸಿನೀರು ಕಾಯುವುದು ಶನಿವಾರ ಮಾತ್ರ. ದಿನಾ ಸ್ನಾನ ಮಾಡುತ್ತೇನೆಂದು ಸನ್ನೆ ಮಾಡಿ ತೋರಿಸಿದಾಗ ಆಕೆ ನನಗೇನೋ ಚರ್ಮದ ಕಾಯಿಲೆ ಇರಬೇಕೆಂದು ಕೈ ಹಿಡಿದು ನೋಡಿದಳು.

ಇಲ್ಲಿಯ ಜನ ಕೆಟ್ಟವರಲ್ಲ, ಮಾತಾಡುವುದಿಲ್ಲ ಅಷ್ಟೆ. ನಮ್ಮ ಪೀಣ್ಯದ ಶಿಫ್ಟ್ ಬಸ್ಸಿನಲ್ಲಿ ಪಕ್ಕದವನು ಎರಡು ಸ್ಟಾಪಿನೊಳಗೆ ನಿಮ್ಮ ಸಂಬಳ, ನಿಮ್ಮ ಮದುವೆ, ನಿಮ್ಮ ಮೂಲವ್ಯಾಧಿ ಎಲ್ಲವನ್ನೂ ವಿಚಾರಿಸಿ ಮುಗಿಸುತ್ತಾನೆ. ಇಲ್ಲಿ ದಿನಾ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹೆಂಗಸು ಒಂದು ಸಲ ತಲೆ ಆಡಿಸಿದ್ದು ಬಿಟ್ಟರೆ ಮತ್ತೇನೂ ಇಲ್ಲ. ಭಾನುವಾರವಂತೂ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಒಂದು ಟೀ ಅಂಗಡಿ ತೆರೆದಿದ್ದರೆ ಅದರ ಮುಂದೆ ಸುಮ್ಮನೆ ನಿಂತಾದರೂ ಬರುತ್ತಿದ್ದೆ. ಅವತ್ತು ನನಗೆ ಅಳು ಬಂತು. ಗಂಡಸು, ಮೀಸೆ ಬಂದವನು, ಬೀಗ ಹಾಕಿದ ಬ್ರೆಡ್ಡಂಗಡಿಯ ಮುಂದೆ ನಿಂತು ಅತ್ತೆ.

ಕಣ್ಣೊರೆಸಿಕೊಂಡು ಮೇಲೆ ನೋಡಿದರೆ ಅಂಗಡಿಯ ಬೋರ್ಡು ಓಲ್ಡ್ ಇಂಗ್ಲಿಷಿನಲ್ಲಿತ್ತು. ಮುಂದೆ ಹೋದೆ. ಔಷಧಿ ಅಂಗಡಿಯ ಬೋರ್ಡೂ ಅದೇ. ಚೌಕದ ಹೋಟೆಲಿಗೆ ಕಬ್ಬಿಣದ ಕಂಬಿಯಿಂದ ತೂಗುಬಿಟ್ಟ ಹಲಗೆಯಲ್ಲಿ ಒಂದು ಜಿಂಕೆ, ಅದರ ಕೆಳಗೂ ಅದೇ ಅಕ್ಷರ. ಬಿಯರ್ ಪೀಪಾಯಿಯ ಮೇಲೆ ಅದೇ. ಪೇಪರಿನ ತಲೆಬರಹವೂ ಅದೇ. ಒಂದು ಪದಕ್ಕೂ ಅರ್ಥ ತಿಳಿಯದು, ಆದರೆ ಒಂದೊಂದು ಅಕ್ಷರದ ಮೊಣಕಾಲು, ಮೊಣಕೈ, ಪಾದ ಎಲ್ಲ ನನಗೆ ಗೊತ್ತು. ಪೀಣ್ಯದ ಟ್ಯೂಬ್‌ಲೈಟಿನ ಕೆಳಗೆ ಎಷ್ಟೋ ಸಲ ಬರೆದು ಒರೆಸಿದ ಅಕ್ಷರಗಳು. ಆ ಊರಿನಲ್ಲಿ ನನಗೆ ಪರಿಚಯದವರೆಂದರೆ ಅವೇ. ಸಂಜೆಯಾದರೆ ಬೋರ್ಡು ನೋಡಲು ಹೊರಡುತ್ತಿದ್ದೆ, ನೆಂಟರ ಮನೆಗಳಿಗೆ ಹೋಗಿ ಬಂದ ಹಾಗೆ.

ಕುರ್ಟ್‌ನ ಮೇಜು

ಯಂತ್ರ ಕಲಿಸುತ್ತಿದ್ದವನ ಹೆಸರು ಕುರ್ಟ್. ಐವತ್ತು ದಾಟಿದ, ಉದ್ದ ಕೈಗಳ ಮನುಷ್ಯ. ಅವನ ಇಂಗ್ಲಿಷೂ ನನ್ನದರಷ್ಟೇ ಹರಕಾಗಿದ್ದರಿಂದ ನಮಗೆ ಚೆನ್ನಾಗಿ ಹೊಂದಿತು. ಯಂತ್ರದ ಫಿಲ್ಮಿಗಾಗಿ ಅವನು ತಾನೇ ಒಂದು ಹೊಸ ಅಕ್ಷರಮಾಲೆ ಬರೆದಿದ್ದ. ಅದರ ಹಾಳೆಗಳನ್ನು ಒಂದು ಮಧ್ಯಾಹ್ನ ಮೇಜಿನ ಮೇಲೆ ಹರಡಿದ.

"ಓಲ್ಡ್ ಇಂಗ್ಲಿಷ್!" ಎಂದು ಕೂಗಿಕೊಂಡೆ.

"ಇಂಗ್ಲಿಷ್?" ಕುರ್ಟ್ ಹುಬ್ಬು ಗಂಟು ಹಾಕಿದ. "ಇದು ನಮ್ಮದು. ಮುರಿದ ಅಕ್ಷರ ಅನ್ನುತ್ತೇವೆ."

ಯಾಕೆ ಮುರಿದದ್ದು ಎಂದು ಬರೆದೇ ತೋರಿಸಿದ. ಅಗಲ ಮೂತಿಯ ನಿಬ್ಬನ್ನು ಓರೆಯಾಗಿ ಹಿಡಿದು, ಎಲ್ಲೂ ತಿರುಗಿಸದೆ ಎಳೆದ. ದುಂಡಗೆ ಹೋಗಬೇಕಾದ ಕಡೆ ಕೈ ನಿಲ್ಲುತ್ತದೆ, ಮುರಿಯುತ್ತದೆ, ಬೇರೆ ದಿಕ್ಕಿಗೆ ಹೊರಡುತ್ತದೆ. ಹಾಗಾಗಿ ಸೊನ್ನೆಯಂಥ ಅಕ್ಷರಕ್ಕೂ ಆರು ಮೂಲೆ. ನಿಂತ ಗೀಟಿನ ಕಪ್ಪು ಎಷ್ಟೋ, ಎರಡು ಗೀಟುಗಳ ನಡುವಿನ ಬಿಳುಪೂ ಅಷ್ಟೇ. ಸಾಲಾಗಿ ಬರೆದರೆ ಕಿಟಕಿಯ ಸರಳು ನಿಲ್ಲಿಸಿದ ಹಾಗೆ ಕಾಣುತ್ತದೆ. ಹಳೆಯ ಅಕ್ಷರದಲ್ಲಿದ್ದ ಕೂದಲೆಳೆಯಂಥ ತೆಳು ಗೆರೆಗಳನ್ನು ಕುರ್ಟ್ ತೆಗೆದುಹಾಕಿದ್ದ. ಗೀಟುಗಳ ಪಾದದಲ್ಲಿದ್ದ ಹರಳಿನಾಕಾರದ ತುದಿಗಳನ್ನು ನೇರವಾಗಿ ಕತ್ತರಿಸಿದ್ದ. ದೊಡ್ಡಕ್ಷರಗಳ ಸುರುಳಿಗಳನ್ನೂ ಸವರಿದ್ದ. ರಸ್ತೆಯ ಆಚೆಯಿಂದಲೂ ಓದಬಹುದು, ತಗಡಿಗೆ ಇಳಿಸಿದರೆ ಮಸಿ ಕಟ್ಟುವುದಿಲ್ಲ.

"ದೊಡ್ಡದಾಗಿ ಹಾಕಬೇಕು. ಎರಡು ಮೂರು ಪದ, ಅಷ್ಟೇ. ಪುಟ ತುಂಬ ಹಾಕಿದರೆ ಯಾರೂ ಓದುವುದಿಲ್ಲ" ಅಂದ. "ನಾನು ಹುಡುಗನಾಗಿದ್ದಾಗ ಆಗಿನ ಸರ್ಕಾರದವರು ಗೋಡೆಗಳ ಮೇಲೆ ಕೆಟ್ಟ ಮಾತುಗಳನ್ನು ಇಂಥ ಅಕ್ಷರದಲ್ಲಿ ಬರೆದಿದ್ದರು. ಯುದ್ಧ ಮುಗಿದ ಮೇಲೆ ಜನಕ್ಕೆ ಇದನ್ನು ಕಂಡರೆ ನಾಚಿಕೆ. ಈಗ ಹೋಟೆಲಿಗೆ, ಬಿಯರಿಗೆ, ಕುಟುಂಬದ ಸಮಾಚಾರಕ್ಕೆ ಹಾಕುತ್ತೇವೆ."

ಕುಟುಂಬದ ಸಮಾಚಾರ ಎಂದರೆ ಮದುವೆ ಎಂದು ನಾನು ತಲೆದೂಗಿದೆ. ಜೇಬಿನಲ್ಲಿದ್ದ ರತ್ನಳ ಕಾರ್ಡನ್ನು ತೆಗೆಯಲು ಕೈ ಹಾಕಿದ್ದೆ ಕೂಡ. ಅಷ್ಟರಲ್ಲಿ ಅವನು, "ಇನ್ನೊಂದು ಮಾತು. ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆಯಲೇಬಾರದು. ಹಾಗೆ ಬರೆಯುವವನನ್ನು ನಾನು ಈ ಮೇಜಿನ ಹತ್ತಿರ ಬಿಡುವುದಿಲ್ಲ" ಎಂದು ನಕ್ಕ. ಅವನು ಹೇಳಿದ್ದು ಸರಿಯೇ. ಮದುವೆಮನೆಯಲ್ಲಿ ಎಲ್ಲರೂ ಬಾಸಿಂಗ ಕಟ್ಟಿಕೊಂಡು ಕೂತರೆ ಬಡಿಸುವವರು ಯಾರು? ಕಾರ್ಡನ್ನು ಬೆರಳಿನಿಂದಲೇ ಮತ್ತೆ ಒಳಕ್ಕೆ ತಳ್ಳಿದೆ. ತಂಗಿಯ ಮದುವೆಯ ಮಾತೂ ಅದರ ಜೊತೆಗೇ ಒಳಗೆ ಹೋಯಿತು.

ಬುಧವಾರ

ಮದುವೆಯ ವಾರ ಬಂತು. ಶುಕ್ರವಾರ ಲಗ್ನ. ನಮ್ಮ ಗೋಧೂಳಿ ಅವರ ಮಧ್ಯಾಹ್ನದ ಊಟದ ಹೊತ್ತಿಗೆ ಬೀಳುತ್ತದೆಂದು ಗೊತ್ತು ಮಾಡಿಕೊಂಡಿದ್ದೆ. ಯಂತ್ರದ ಪಕ್ಕ ನಿಂತು, ಎಣ್ಣೆ ಕೈಯಲ್ಲಿ, ಯಾರೂ ನೋಡದ ಹಾಗೆ ಅಕ್ಷತೆ ಹಾಕಬೇಕಲ್ಲ ಎಂದು ಕೊರಗುತ್ತಿದ್ದೆ.

ಬುಧವಾರ ಸಂಜೆ ಹಿಲ್ಡಾ ನನ್ನ ತಟ್ಟೆಯ ಪಕ್ಕ ಒಂದು ಮಡಿಸಿದ ಕಾರ್ಡು ತಂದಿಟ್ಟಳು. ನೋಡಿದ ತಕ್ಷಣ ಕೈಗೆತ್ತಿಕೊಂಡೆ. ಮುರಿದ ಅಕ್ಷರದಲ್ಲಿ ದೊಡ್ಡದಾಗಿ ಒಂದು ಹೆಸರು, ಮಾರ್ತಾ ಎಂದು ಓದಿಕೊಂಡೆ. ಮೇಲೊಂದು ಶಿಲುಬೆ. ವೈಟ್‌ಫೀಲ್ಡಿನ ಮದುವೆ ಕಾರ್ಡುಗಳಲ್ಲೂ ಶಿಲುಬೆ ಇರುತ್ತಿತ್ತು. ಕೆಳಗೆ ಜೋಡಿಸಿದ ಎರಡು ಕೈಗಳ ಚಿತ್ರ, ಥೇಟು ನಮ್ಮ ಕಾರ್ಡುಗಳಲ್ಲಿ ಸ್ವಾಗತ ಕೋರುವ ಕೈಗಳೇ. ನಡುವೆ ಏನೇನೋ ಅಂಕಿಗಳು. ಕಡೆಯ ಸಾಲಿನಲ್ಲಿ ಶುಕ್ರವಾರದ ತಾರೀಕು. ಸುತ್ತ ತೆಳ್ಳನೆಯ ಕಪ್ಪು ಗೆರೆ ಇದ್ದದ್ದು ಒಂದು ಕ್ಷಣ ಮನಸ್ಸಿಗೆ ಚುಚ್ಚಿತು. ಆದರೆ ಗೋಡೆಯ ಮೇಲಿದ್ದ ಹಿಲ್ಡಾಳ ಮದುವೆಯ ಫೋಟೋದಲ್ಲಿ ಗಂಡನೂ ಕಪ್ಪು ಕೋಟಿನಲ್ಲೇ ಇದ್ದ. ಇವರ ಪದ್ಧತಿ ಇದು ಎಂದುಕೊಂಡೆ. ಗಂಡಿನ ಹೆಸರೂ ಕಾಣಲಿಲ್ಲ. ಹುಡುಕುವ ಗೋಜಿಗೆ ನಾನೂ ಹೋಗಲಿಲ್ಲ. ಮದುವೆ ಬೇಕಾಗಿದ್ದವನಿಗೆ ಮದುವೆಯೇ ಕಂಡಿತು.

ಹಿಲ್ಡಾ ನನ್ನ ಕಡೆ ಬೆರಳು ತೋರಿಸಿ, "ಕಿರ್ಖ. ಫ್ರೈಡೇ. ಯೂ?" ಎಂದು ಕೇಳಿದಳು. ಚರ್ಚಿಗೆ ಅವಳು ಕಿರ್ಖ ಎನ್ನುತ್ತಿದ್ದಳು.

"ಯೆಸ್! ಯೆಸ್!" ಎಂದು ಎದ್ದೇ ನಿಂತೆ. ಆ ದೇಶಕ್ಕೆ ಬಂದ ಮೇಲೆ ನನ್ನನ್ನು ಯಾರಾದರೂ ಎಲ್ಲಿಗಾದರೂ ಕರೆದದ್ದು ಅದೇ ಮೊದಲು.

ಮರುದಿನ ಕುರ್ಟ್‌ನ ಹತ್ತಿರ ರಜೆ ಕೇಳಿದೆ. "ನಾಳೆ ಹಿಲ್ಡಾ ಜೊತೆ ಚರ್ಚಿಗೆ ಹೋಗಬೇಕು, ಮಾರ್ತಾದು."

ಅವನು ನನ್ನ ಭುಜದ ಮೇಲೆ ಕೈಯಿಟ್ಟ. "ನಾನೂ ಬರುತ್ತೇನೆ. ಜನ ಕಡಿಮೆ ಇರುತ್ತಾರೆ. ನೀನು ಬಂದರೆ ಒಬ್ಬ ಹೆಚ್ಚಾಗುತ್ತಾನೆ. ಒಳ್ಳೆಯದು."

ಪಾಪ, ಬಡವರ ಮನೆಯ ಮದುವೆ ಇರಬೇಕು ಎಂದುಕೊಂಡೆ. ಅಲ್ಲಿ ಪೀಣ್ಯದಲ್ಲಿ ನನ್ನ ತಂಗಿಗೆ ಧಾರೆಯಾಗುವ ಹೊತ್ತಿಗೆ ಇಲ್ಲಿ ಇನ್ನೊಬ್ಬಳು ಹೆಣ್ಣುಮಗಳಿಗೆ ಮದುವೆ. ಅವಳ ತಲೆಯ ಮೇಲೆ ಅಮ್ಮನ ಅಕ್ಷತೆ ಹಾಕಿದರೆ ಅದು ರತ್ನಳಿಗೂ ಮುಟ್ಟುತ್ತದೆ. ದೇವರು ಅಷ್ಟು ಕಲ್ಲು ಮನಸ್ಸಿನವನಲ್ಲ ಎನ್ನಿಸಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಶುಕ್ರವಾರ

ರತ್ನಳ ಮದುವೆಗೆಂದೇ ಹೊಲಿಸಿದ್ದ ಕೆನೆಬಣ್ಣದ ಸಫಾರಿ ಹಾಕಿದೆ. ತಲೆಗೆ ಎಣ್ಣೆ, ಹಣೆಗೆ ಕುಂಕುಮ. ಹಿಲ್ಡಾ ಮೆಟ್ಟಿಲ ಕೆಳಗೆ ಕಪ್ಪು ಬಟ್ಟೆಯಲ್ಲಿ ನಿಂತಿದ್ದಳು. ನನ್ನನ್ನು ನೋಡಿ ಅವಳ ಬಾಯಿ ಅರ್ಧ ತೆರೆಯಿತು. ಒಳಗೆ ಹೋಗಿ ಸತ್ತ ಗಂಡನ ಕಪ್ಪು ಓವರ್‌ಕೋಟು ತಂದು ತೊಡಿಸಿ, ಕತ್ತಿನ ತನಕ ಗುಂಡಿ ಹಾಕಿದಳು. ಚಳಿಗೆ ಎಂದುಕೊಂಡು ಕೈಮುಗಿದೆ.

ಚರ್ಚಿನಲ್ಲಿ ಹತ್ತು ಹನ್ನೆರಡು ಜನ ಇದ್ದಿರಬೇಕು. ಕುರ್ಟ್ ಹಿಂದಿನ ಬೆಂಚಿನಲ್ಲಿದ್ದ. ವಾಲಗವಿಲ್ಲ, ಮಕ್ಕಳ ಓಡಾಟವಿಲ್ಲ. ನಾನು ಕತ್ತು ಉದ್ದ ಮಾಡಿ ಮದುವಣಗಿತ್ತಿಯನ್ನು ಹುಡುಕಿದೆ. ಕಡೆಗೆ ತಡೆಯಲಾರದೆ ಹಿಲ್ಡಾಳ ಕಿವಿಯಲ್ಲಿ, "ಮಾರ್ತಾ? ವೇರ್?" ಎಂದೆ. ಅವಳು ಮುಂದಕ್ಕೆ ಕೈ ತೋರಿಸಿದಳು. ಅಲ್ಲಿ ಹೂವಿನ ಅಲಂಕಾರವಿತ್ತು. ಬಿಳಿ ಹೂ, ಹಸಿರು ಎಲೆ, ಚೆನ್ನಾಗಿ ಮಾಡಿದ್ದಾರೆ ಅನ್ನಿಸಿತು. ಹೂವಿನ ಕೆಳಗೆ ಮಂಟಪ ಇರಬಹುದೆಂದು ನೋಡಿದರೆ ಅದು ಒಂದು ಉದ್ದನೆಯ ಪೆಟ್ಟಿಗೆ.

ಜೇಬಿನೊಳಗೆ ಅಕ್ಷತೆಯ ಗಂಟನ್ನು ಹಿಡಿದಿದ್ದ ಕೈ ಹಾಗೇ ನಿಂತುಹೋಯಿತು. ತಂಗಿಯ ಮದುವೆಯ ದಿನ, ಲಗ್ನದ ಹೊತ್ತಿಗೆ, ಮಂಗಳದ ಅಕ್ಕಿ ಜೇಬಿನಲ್ಲಿಟ್ಟುಕೊಂಡು ನಾನು ಸಾವಿನ ಮನೆಗೆ ಬಂದು ಕೂತಿದ್ದೆ. ಕರೆಯದ ಜಾಗಕ್ಕೆ ಬಂದವನೂ ಅಲ್ಲ, ಖುಷಿಯಿಂದ ರಜೆ ಹಾಕಿ ಬಂದವನು. ಎದ್ದು ಓಡಬೇಕೆನಿಸಿತು. ಆಗ ಹಿಲ್ಡಾ ನನ್ನ ತೋಳು ಹಿಡಿದುಕೊಂಡಳು. ಆ ಕಲ್ಲುಮುಖದಲ್ಲಿ ಕಣ್ಣೀರು ಇಳಿಯುತ್ತಿತ್ತು. ಹೇಗೆ ಏಳುವುದು?

ಪೆಟ್ಟಿಗೆಯನ್ನು ಚರ್ಚಿನ ಹಿಂದಿನ ಸ್ಮಶಾನಕ್ಕೆ ಹೊತ್ತರು. ನಡೆಯುತ್ತ ಕುರ್ಟ್ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ. ಮಾರ್ತಾ ಹಿಲ್ಡಾಳ ಎದುರು ಮನೆಯ ಮುದುಕಿ. ಅಣ್ಣ ತಮ್ಮಂದಿರು ಇಬ್ಬರೂ ಯುದ್ಧಕ್ಕೆ ಹೋದವರು ಬರಲಿಲ್ಲ. ಮದುವೆಯಾಗಲಿಲ್ಲ. ಬಂಧು ಎನ್ನುವವರು ಯಾರೂ ಇಲ್ಲ, ಅದಕ್ಕೇ ಹಿಲ್ಡಾ ಕಂಡ ಕಂಡವರನ್ನು ಕರೆದಿದ್ದಾಳೆ. ನಾನು ತಲೆ ತಗ್ಗಿಸಿ ನಡೆದೆ. ಸುತ್ತ ಸಮಾಧಿ ಕಲ್ಲುಗಳು ನಿಂತಿದ್ದವು. ಎಲ್ಲದರ ಮೇಲೂ ಅದೇ ಮುರಿದ ಅಕ್ಷರ. ಸಂಜೆಯ ಹೊತ್ತು ನೆಂಟರೆಂದು ನೋಡಲು ಹೋಗುತ್ತಿದ್ದೆನಲ್ಲ, ಆ ನೆಂಟರ ನಿಜವಾದ ಮನೆ ಇದು ಎಂದು ಆಗ ತಿಳಿಯಿತು.

ಗುಂಡಿಯ ಪಕ್ಕ ಎಲ್ಲರೂ ಸಾಲು ನಿಂತರು. ಒಬ್ಬೊಬ್ಬರೇ ಮುಂದೆ ಹೋಗಿ ಹಿಡಿ ಮಣ್ಣು ಹಾಕಿ ಬರುತ್ತಿದ್ದರು. ಅಷ್ಟರಲ್ಲಿ ಚರ್ಚಿನ ಗಡಿಯಾರ ಹೊಡೆಯಿತು. ನಮ್ಮ ಹೊತ್ತು. ಪೀಣ್ಯದಲ್ಲಿ ಈಗ ದೀಪ ಹಚ್ಚಿರುತ್ತಾರೆ, ಚಿಕ್ಕಪ್ಪ ನೀರಿನ ತಂಬಿಗೆ ಎತ್ತಿರುತ್ತಾನೆ. ನನ್ನ ಮುಂದೆ ಸಾಲಿನಲ್ಲಿ ಇಬ್ಬರೇ ಉಳಿದಿದ್ದರು.

ಅಕ್ಷತೆಯನ್ನು ಇಲ್ಲಿ ಬಿಟ್ಟರೆ ಅದು ಹೆಣದ ಮೇಲೆ ಬಿದ್ದ ಅಕ್ಕಿಯಾಗುತ್ತದೆ. ಬಿಡದಿದ್ದರೆ ತಂಗಿಗೆ ಅಣ್ಣನ ಆಶೀರ್ವಾದವೇ ಇಲ್ಲ. ಯೋಚಿಸುವ ಹೊತ್ತಲ್ಲ ಅದು. ಸಾಲು ಬಿಟ್ಟು ಓಡಿದೆ. ಹಿಮದಲ್ಲಿ ಕಾಲು ಹೂತು, ಹಿಲ್ಡಾಳ ಗಂಡನ ಕೋಟು ತೊಡರಿ, ಸ್ಮಶಾನದ ಮೂಲೆಯ ಗೋಡೆಗೆ ಹೋಗಿ ಮುಟ್ಟಿದೆ. ಸ್ಮಶಾನದ ನೆಲಕ್ಕೆ ಬೀಳಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಕೋಟಿನ ಗುಂಡಿ ಬಿಚ್ಚಿದೆ. ಸೂರ್ಯನಿಲ್ಲದ ಆಕಾಶದಲ್ಲಿ ಊರು ಯಾವ ಕಡೆ ಎಂದು ತಿಳಿಯಲಿಲ್ಲ. "ರತ್ನಾ, ಚೆನ್ನಾಗಿರಮ್ಮ" ಎಂದು ಗಟ್ಟಿಯಾಗಿ ಹೇಳಿ ಗೋಡೆಯಾಚೆಗೆ ಎರಚಿಬಿಟ್ಟೆ. ಕಲ್ಲೊಂದರ ಮೇಲೆ ಹತ್ತಿ ನೋಡಿದೆ. ಆಚೆ ಒಂದು ಹೊಲ. ಹಿಮದ ಮೇಲೆ ಹಳದಿ ಕಾಳುಗಳು ಬಿದ್ದಿದ್ದವು. ಅಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತೆ.

ತಿರುಗಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೆನೆ ಸಫಾರಿ, ಕುಂಕುಮ, ಹರಿಯುವ ಮೂಗು. ನಡೆದು ಬಂದು ಸಾಲಿನ ಕೊನೆಯಲ್ಲಿ ನಿಂತೆ. ನನ್ನ ಸರದಿ ಬಂದಾಗ ಮಂಜುಗಟ್ಟಿದ ಮಣ್ಣಿನ ಒಂದು ಹೆಂಟೆ ತೆಗೆದು, ಬೆರಳಲ್ಲಿ ಪುಡಿ ಮಾಡಿ, ಮಾರ್ತಾಳ ಮೇಲೆ ಬಿಟ್ಟೆ. ಬೆರಳಿನಲ್ಲಿ ಇನ್ನೂ ಅರಿಸಿನ ಇತ್ತು.

ಜಿಂಕೆ ಹೋಟೆಲು

ಅಲ್ಲಿಂದ ಎಲ್ಲರೂ ಚೌಕದ ಜಿಂಕೆ ಹೋಟೆಲಿಗೆ ಹೋದರು. ಸ್ನಾನವಿಲ್ಲ, ಕೈಕಾಲು ತೊಳೆಯುವುದೂ ಇಲ್ಲ, ನೇರ ಕೇಕು, ಕಾಫಿ. ನಾನು ಬಾಗಿಲಲ್ಲಿ ಹಿಮ ಬಾಚಿ ಕೈ ತಿಕ್ಕಿಕೊಂಡೆ. ನಮ್ಮಲ್ಲಿ ಹೆಣ ಎತ್ತಿದ ಮನೆಯಲ್ಲಿ ಆ ದಿನ ಒಲೆ ಉರಿಯುವುದಿಲ್ಲ. ಇಲ್ಲಿ ಅರ್ಧ ಗಂಟೆಯೊಳಗೆ ಯಾರೋ ಮಾರ್ತಾಳ ಮುಂಗೋಪ ಅಣಕಿಸಿ ತೋರಿಸಿದರು, ಉಳಿದವರು ನಕ್ಕರು. ಮೊದಮೊದಲು ಅಸಹ್ಯವಾಯಿತು. ಆಮೇಲೆ, ಒಂಟಿ ಮನೆಗಳಿಗೆ ಹಿಂತಿರುಗುವ ಮೊದಲು ಇಷ್ಟು ಹೊತ್ತಾದರೂ ಒಟ್ಟಿಗೆ ಕೂತಿರುತ್ತಾರಲ್ಲ ಎನ್ನಿಸಿತು.

ಕುರ್ಟ್ ಕಾಫಿ ತರಲು ಎದ್ದು ಹೋಗಿದ್ದ. ಹಿಲ್ಡಾ ನನ್ನ ಕೆಂಪು ಕಣ್ಣು ನೋಡಿ, ಏನಾಯಿತು ಎಂದು ಸನ್ನೆಯಲ್ಲಿ ಕೇಳಿದಳು. ಹೇಳಲು ಭಾಷೆ ಇಲ್ಲ. ಜೇಬಿನಿಂದ ರತ್ನಳ ಕಾರ್ಡಿನ ಪ್ರೂಫ್ ತೆಗೆದು ಮೇಜಿನ ಮೇಲೆ ಬಿಡಿಸಿದೆ. "ಮೈ ಸಿಸ್ಟರ್. ಟುಡೇ" ಅಂದೆ.

ಎದುರಿಗಿದ್ದ ಒಬ್ಬ ಮುದುಕ ಕಾರ್ಡು ನೋಡಿದ, ಅಂದಿನ ತಾರೀಕಿನ ಮೇಲೆ ಬೆರಳಿಟ್ಟ, ನಿಧಾನವಾಗಿ ಎದ್ದು ನಿಂತ. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಮುದುಕ ನನ್ನ ಎರಡೂ ಕೈ ಹಿಡಿದು ಏನೋ ಹೇಳಿದ. ಹಿಲ್ಡಾ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನನ್ನನ್ನು ತಬ್ಬಿಕೊಂಡಳು. ಅವಳ ಹೆಗಲಿನ ಮೇಲಿಂದ ಆ ಕಾಗದ ನನ್ನ ಕಣ್ಣಿಗೆ ಬಿತ್ತು. ಬಿಳಿ ಹಾಳೆ, ಬರೀ ಕಪ್ಪು ಮಸಿ, ಮುರಿದ ಅಕ್ಷರ, ಈ ದಿನದ ತಾರೀಕು. ಬುಧವಾರ ನಾನು ಅವರ ಕಾರ್ಡಿಗೆ ಏನು ಮಾಡಿದ್ದೆನೋ, ಅದನ್ನೇ ಅವರು ನನ್ನ ಕಾರ್ಡಿಗೆ ಮಾಡುತ್ತಿದ್ದರು. ಹಾಡಹಗಲೇ ನನ್ನ ತಂಗಿಗೆ ಶ್ರದ್ಧಾಂಜಲಿ ನಡೆಯುತ್ತಿತ್ತು!

"ನೋ! ನೋ! ನಾಟ್ ಡೆಡ್!" ಎಂದು ಕಿರುಚಿದೆ. ಉಂಗುರದ ಬೆರಳು ತೋರಿಸಿದೆ, ಕತ್ತಿಗೆ ತಾಳಿ ಕಟ್ಟಿ ತೋರಿಸಿದೆ. ಕತ್ತಿನ ಸುತ್ತ ಕೈ ಹೋದದ್ದು ನೋಡಿ ಒಬ್ಬ ಹೆಂಗಸು ಚೀರಿದಳು. ನೇಣು ಎಂದುಕೊಂಡಿರಬೇಕು. ಅಷ್ಟರಲ್ಲಿ ಕುರ್ಟ್ ಓಡಿ ಬಂದ. ಕಾರ್ಡನ್ನು ಹತ್ತಿರ ಹಿಡಿದ, ದೂರ ಹಿಡಿದ.

"ಇದೇನಿದು, ಎಲ್ಲಾ ದೊಡ್ಡಕ್ಷರ! ಯಾರು ಓದುತ್ತಾರೆ ಇದನ್ನು?"

"ಬೈಯುವುದು ಆಮೇಲೆ. ಮೊದಲು ಓದು" ಎಂದೆ.

ಅವನು ಮುಳ್ಳುಬೇಲಿಯೊಳಗೆ ದಾರಿ ಬಿಡಿಸುವವನಂತೆ ಒಂದೊಂದೇ ಅಕ್ಷರ ಬಿಡಿಸಿದ. ನಾ, ಗಾ, ರಾತ್, ನಾ. ಎರಡನೆಯ ಸಾಲಿನ 'ವೆಡ್ಸ್' ಎಂಬಲ್ಲಿಗೆ ಬಂದು ನಿಂತ. ಮುಖ ಅರಳಿತು. ತಿರುಗಿ ತನ್ನ ಭಾಷೆಯಲ್ಲಿ ಮದುವೆ ಎಂಬ ಒಂದೇ ಪದ ಕೂಗಿದ. ಆ ಮೇಜಿನ ಸುತ್ತ ಎದ್ದ ನಗು ನಾನು ಆ ದೇಶದಲ್ಲಿ ಕೇಳಿದ ಅತಿ ದೊಡ್ಡ ಸದ್ದು. ಹಿಲ್ಡಾ ಅಳುತ್ತಲೇ ನಗುತ್ತಿದ್ದಳು. ಕುರ್ಟ್‌ನ ಮೂಲಕ ನಾನು ಎಲ್ಲವನ್ನೂ ಹೇಳಿದೆ. ಗೋಡೆಯ ಹತ್ತಿರ ಓಡಿದ್ದು ಏಕೆ, ಅಕ್ಕಿ ಏನು, ಸ್ನಾನವಿಲ್ಲದೆ ಕೂತಿರುವುದು ನನಗೆ ಎಷ್ಟು ಹಿಂಸೆ ಎಂದು. ಮದುವೆಗೆ ಅಕ್ಕಿ ತಾವೂ ಎರಚುತ್ತೇವೆಂದು ಹಿಲ್ಡಾ ಮೇಜಿನ ಮೇಲೆ ಎರಚಿದ ಹಾಗೆ ಕೈ ಆಡಿಸಿದಳು. ಮುದುಕ ಲೋಟ ಎತ್ತಿದ. "ಮಾರ್ತಾ" ಎಂದ. ಎಲ್ಲರೂ ಕುಡಿದರು. ಇನ್ನೊಮ್ಮೆ ಎತ್ತಿ ಕುರ್ಟ್‌ನ ಕಡೆ ನೋಡಿ ಕೇಳಿಕೊಂಡು, "ನಾಗಾ-ರಾತ್ನಾ" ಎಂದ.

ಮನೆಗೆ ಬಂದರೆ ಹಿಲ್ಡಾ ಕೋಟು ಕಳಚುವ ಮೊದಲೇ ಬಾಯ್ಲರ್ ಹೊತ್ತಿಸಿದಳು. ಶನಿವಾರ ಅಲ್ಲದ ದಿನ.

ಕುಂದಲಹಳ್ಳಿ

ಪೀಣ್ಯಕ್ಕೆ ಮರಳಿದಾಗ ಅಮ್ಮ ಮೊದಲು ಕೇಳಿದ್ದು ಅಕ್ಷತೆಯ ಸುದ್ದಿ. ಹೊಲಕ್ಕೆ ಬಿತ್ತು ಎಂದೆ. "ಒಲಕ್ಕಾ? ಬಿಡು, ಒಳ್ಳೇದೇ ಆಯ್ತು" ಅಂದಳು. ನಮ್ಮ ಹೊಲವೆಲ್ಲ ಕಾರ್ಖಾನೆಗಳ ಕೆಳಗೆ ಹೋಗಿ ವರ್ಷಗಳಾಗಿದ್ದವು.

ಆ ಭಾನುವಾರ ಎರಡು ಬಸ್ಸು ಬದಲಿಸಿ ಕುಂದಲಹಳ್ಳಿಗೆ ಹೋದೆ. ರತ್ನ ಹೊಸ ಸೀರೆಯಲ್ಲಿ ದನದ ಕೊಟ್ಟಿಗೆಯಿಂದ ಹೊರಗೆ ಬಂದಳು. ನೀರು ಕೊಟ್ಟಳು, ಮಾತಾಡಲಿಲ್ಲ. ಜಗಲಿಯ ಮೇಲೆ ಕೂತು ನಾನೇ ಎಲ್ಲ ಹೇಳಿದೆ, ಕಾರ್ಡು, ಕೋಟು, ಪೆಟ್ಟಿಗೆ, ಗೋಡೆ. ಹೋಟೆಲಿನಲ್ಲಿ ಅವಳಿಗಾಗಿ ಎಲ್ಲರೂ ಎದ್ದು ನಿಂತದ್ದನ್ನು ಹೇಳಿದಾಗ ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಳು. ಆಮೇಲೆ ಆ ನಗು ನಿಂತಿತು.

"ನನ್ ಕೈಗೆ ಅರಳು ಆಕಕ್ಕಾಗ್ಲಿಲ್ಲ. ಯಾರೋ ಮುದ್ಕಿಗೆ ಮಣ್ಣಾಕ್ ಬಂದ್ಯಾ?"

ಕೊಟ್ಟಿಗೆಯಲ್ಲಿ ದನದ ಗಂಟೆಯ ಸದ್ದು ಕೇಳುತ್ತಿತ್ತು.

"ಆವಮ್ಮಂಗೆ ಅಣ್ತಮ್ಮಂದಿರು ಇರ್ಲಿಲ್ವಾ?" ಎಂದು ಕೇಳಿದಳು.

"ಇದ್ರು. ಯುದ್ಧಕ್ಕೆ ಹೋದವ್ರು ಬರ್ಲಿಲ್ಲ."

ರತ್ನ ಎದ್ದು ಒಳಗೆ ಹೋದಳು. ಕೋಪ ಮುಗಿಯಲಿಲ್ಲ ಎಂದುಕೊಂಡು ನಾನೂ ಎದ್ದೆ, ಚಪ್ಪಲಿ ಹುಡುಕಿದೆ. ಅವಳು ಒಂದು ಸಣ್ಣ ಡಬ್ಬಿ ಹಿಡಿದು ಬಂದಳು. ಮುಚ್ಚಳ ತೆಗೆದರೆ ಅರಳು. ಹೋಮದ ಹೊತ್ತಿನಲ್ಲಿ ಒಂದು ಹಿಡಿ ತೆಗೆದಿಟ್ಟಿದ್ದಳಂತೆ, ದೊಡ್ಡಪ್ಪನ ಮಗನಿಗೂ ಪುರೋಹಿತರಿಗೂ ಕಾಣದ ಹಾಗೆ ಮಡಿಲಿನಲ್ಲಿ. ಅಷ್ಟು ದಿನಕ್ಕೆ ಅದು ಮೆತ್ತಗಾಗಿತ್ತು.

ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಜಗಲಿಯ ಕೆಳಗೆ ನಿಂತು, ಎರಡೂ ಅಂಗೈ ಸೇರಿಸಿ ನನ್ನ ಮುಂದೆ ಬೊಗಸೆ ಒಡ್ಡಿದಳು.

"ಆಕು" ಅಂದಳು.